ನವಜಾತ ಶಿಶುಗಳ ಔಷಧಿ: ‘ನಿಷ್ಕ್ರಿಯ’ ಘಟಕಗಳ ಲೆಕ್ಕ

ಯಾವುದೇ ಔಷಧ ತಯಾರಿಕಾ ಸಂಸ್ಥೆಯ ವೆಚ್ಚಪಟ್ಟಿಯನ್ನು ಪರಿಶೀಲಿಸಿದರೆ ಅದರಲ್ಲಿ ಎರಡು ಬಗೆಯ ಕಚ್ಚಾ ಸಾಮಗ್ರಿಗಳು ಕಂಡುಬರುತ್ತವೆ. ಮೊದಲನೆಯದು ರೋಗವನ್ನು ಗುಣಪಡಿಸುವ ಮೂಲ ಔಷಧ. ಇದರ ಹೆಸರು, ಪ್ರಮಾಣ, ದರ, ಪೂರೈಕೆದಾರ ಎಲ್ಲವೂ ಸ್ಪಷ್ಟವಾಗಿ ನಮೂದಾಗಿರುತ್ತವೆ. ಎರಡನೆಯದು ಆ ಔಷಧವನ್ನು ಕರಗಿಸುವ, ಕೆಡದಂತೆ ಕಾಪಾಡುವ, ಸಿಹಿಗೊಳಿಸುವ, ಬಣ್ಣ ಕೊಡುವ, ಮಾತ್ರೆಯ ರೂಪದಲ್ಲಿ ಹಿಡಿದಿಡುವ ದ್ರವ್ಯಗಳ ಸಮೂಹ. ಇವುಗಳಿಗೆ ಉದ್ಯಮದಲ್ಲಿ ಎಕ್ಸಿಪಿಯೆಂಟ್ ಎಂದೂ ಸಾಮಾನ್ಯ ವ್ಯವಹಾರದಲ್ಲಿ ನಿಷ್ಕ್ರಿಯ ಘಟಕಗಳೆಂದೂ ಹೆಸರು. ಲೇಬಲ್‌ನಲ್ಲಿ ಇವು ಬಹುಪಾಲು ‘ಸಿರಪ್ ಬೇಸ್, ಕ್ಯೂ.ಎಸ್.’ ಎಂಬ ಒಂದೇ ಸಾಲಿನಲ್ಲಿ ಅಡಗಿಹೋಗುತ್ತವೆ. ಕ್ಯೂ.ಎಸ್. ಎಂದರೆ ‘ಅಗತ್ಯವಿದ್ದಷ್ಟು’. ಲೆಕ್ಕಪತ್ರಗಳಲ್ಲಿ ‘ಇತರೆ ವೆಚ್ಚ’ ಎಂಬ ಶೀರ್ಷಿಕೆಗೆ ಯಾವ ಸ್ಥಾನವಿದೆಯೋ ಔಷಧಿಯ ಲೇಬಲ್‌ನಲ್ಲಿ ಈ ಸಾಲಿಗೆ ಅದೇ ಸ್ಥಾನ.

ವಯಸ್ಕರ ಮಟ್ಟಿಗೆ ಈ ಸಾಲು ಸಾಮಾನ್ಯವಾಗಿ ನಿರುಪದ್ರವಿ. ಆದರೆ ಹುಟ್ಟಿ ಇಪ್ಪತ್ತೆಂಟು ದಿನ ತುಂಬದ ಶಿಶುವಿನ ಮಟ್ಟಿಗೆ, ಅದರಲ್ಲೂ ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಮಟ್ಟಿಗೆ, ಇದೇ ಸಾಲು ಪ್ರಾಣಾಪಾಯಕ್ಕೆ ಕಾರಣವಾದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಔಷಧ ತಯಾರಕರು, ವಿತರಕರು, ಔಷಧ ಅಂಗಡಿಗಳ ಮಾಲೀಕರು ಮತ್ತು ಆಸ್ಪತ್ರೆಗಳ ಖರೀದಿ ಅಧಿಕಾರಿಗಳು ಈ ವಿಷಯವನ್ನು ಅರಿತಿರುವುದು ಮಾನವೀಯ ದೃಷ್ಟಿಯಿಂದಲೂ ವ್ಯವಹಾರದ ದೃಷ್ಟಿಯಿಂದಲೂ ಅವಶ್ಯಕ.

‘ನಿಷ್ಕ್ರಿಯ’ ಎಂಬ ಪದದ ಅರ್ಥ

ನಿಷ್ಕ್ರಿಯ ಎಂಬ ಪದ ಒಂದು ದ್ರವ್ಯವು ಔಷಧಿಯೊಳಗೆ ಯಾವ ಉದ್ದೇಶಕ್ಕೆ ಸೇರಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಅದು ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನಲ್ಲ. ರೋಗ ಗುಣಪಡಿಸುವುದು ಅದರ ಕೆಲಸವಲ್ಲ ಎಂಬುದಷ್ಟೇ ಆ ಪದದ ವ್ಯಾಪ್ತಿ. ದೇಹದ ಮೇಲೆ ಅದಕ್ಕೆ ಯಾವ ಪರಿಣಾಮವೂ ಇಲ್ಲವೆಂದು ಅದರಿಂದ ತಿಳಿಯುವುದು ತಪ್ಪು. ನಮ್ಮ ಆಯುರ್ವೇದ ಪರಂಪರೆಯಲ್ಲಿ ಔಷಧದಷ್ಟೇ ಅನುಪಾನಕ್ಕೂ ಮಹತ್ವವಿತ್ತು. ಜೇನಿನಲ್ಲಿ ಕೊಡಬೇಕೋ, ತುಪ್ಪದಲ್ಲೋ, ಬಿಸಿನೀರಿನಲ್ಲೋ ಎಂಬುದನ್ನು ರೋಗ ಮತ್ತು ರೋಗಿಯನ್ನು ನೋಡಿ ವೈದ್ಯರು ನಿರ್ಧರಿಸುತ್ತಿದ್ದರು. ಕಾರ್ಖಾನೆಯಲ್ಲಿ ತಯಾರಾದ ಔಷಧಿಯಲ್ಲಿ ಅನುಪಾನ ಮೊದಲೇ ಬೆರೆತು ಬರುತ್ತದೆ. ರೋಗಿ ಯಾರೇ ಆಗಿರಲಿ, ಅದನ್ನು ಬದಲಿಸುವ ಅವಕಾಶ ಉಳಿದಿರುವುದಿಲ್ಲ.

ಈ ವ್ಯತ್ಯಾಸವನ್ನು ಜಗತ್ತಿಗೆ ಮೊದಲು ಮನದಟ್ಟು ಮಾಡಿಸಿದ್ದು 1937ರಲ್ಲಿ ಅಮೆರಿಕದಲ್ಲಿ ನಡೆದ ದುರಂತ. ಸಲ್ಫಾನಿಲಮೈಡ್ ಆಗ ಸೋಂಕು ನಿವಾರಣೆಗೆ ಹೆಸರಾಗಿದ್ದ ಔಷಧ. ಅದನ್ನು ದ್ರವ ರೂಪದಲ್ಲಿ ಮಾರಲು ಟೆನೆಸಿ ರಾಜ್ಯದ ಒಂದು ಸಂಸ್ಥೆ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರಾವಕವನ್ನು ಬಳಸಿತು. ತಯಾರಾದ ದ್ರವದ ರುಚಿ, ಬಣ್ಣ ಮತ್ತು ವಾಸನೆಯ ಪರೀಕ್ಷೆ ನಡೆಯಿತು. ವಿಷಗುಣದ ಪರೀಕ್ಷೆ ನಡೆಯಲಿಲ್ಲ. 105 ಮಂದಿ ಮೃತಪಟ್ಟರು, ಅವರಲ್ಲಿ 34 ಮಕ್ಕಳು. ಅಂದಿನ ಕಾನೂನಿನಲ್ಲಿ ಸುರಕ್ಷತಾ ಪರೀಕ್ಷೆ ಕಡ್ಡಾಯವಿರಲಿಲ್ಲವಾದ್ದರಿಂದ ಆ ಸಂಸ್ಥೆಗೆ ದಂಡ ವಿಧಿಸಲು ಸಿಕ್ಕ ಆಧಾರ ಒಂದೇ: ಮದ್ಯಸಾರವಿಲ್ಲದ ದ್ರವಕ್ಕೆ ‘ಎಲಿಕ್ಸಿರ್’ ಎಂಬ ಹೆಸರಿಟ್ಟು ಲೇಬಲ್ ನಿಯಮ ಉಲ್ಲಂಘಿಸಿದ್ದು! ಮರುವರ್ಷ, ಅಂದರೆ 1938ರಲ್ಲಿ, ಮಾರುಕಟ್ಟೆಗೆ ಬಿಡುವ ಮೊದಲು ಔಷಧದ ಸುರಕ್ಷತೆಯನ್ನು ತೋರಿಸಬೇಕೆಂಬ ಕಾಯ್ದೆ ಅಲ್ಲಿ ಜಾರಿಗೆ ಬಂದಿತು. ಇಲ್ಲಿ ಮೂಲ ಔಷಧದಲ್ಲಿ ದೋಷವಿರಲಿಲ್ಲ, ಪ್ರಾಣ ತೆಗೆದದ್ದು ದ್ರಾವಕ ಎಂಬುದು ಗಮನಾರ್ಹ.

ನವಜಾತ ಶಿಶುವಿನ ದೇಹಸ್ಥಿತಿ

ಶಿಶುವನ್ನು ವಯಸ್ಕರ ಸಣ್ಣ ಪ್ರತಿರೂಪವೆಂದು ಭಾವಿಸಿ, ತೂಕಕ್ಕೆ ತಕ್ಕಂತೆ ಔಷಧದ ಪ್ರಮಾಣ ಇಳಿಸಿದರೆ ಸಾಕೆಂದು ತಿಳಿಯುವುದು ಸರಿಯಲ್ಲ. ದೇಹಕ್ಕೆ ಬಂದ ರಾಸಾಯನಿಕವನ್ನು ಒಡೆದು ಹೊರಹಾಕುವ ಕೆಲಸ ಮುಖ್ಯವಾಗಿ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಹುಟ್ಟಿದ ಹೊಸತರಲ್ಲಿ ಯಕೃತ್ತಿನ ಅನೇಕ ಕಿಣ್ವಗಳು ಪೂರ್ಣ ಸಾಮರ್ಥ್ಯಕ್ಕೆ ಬಂದಿರುವುದಿಲ್ಲ. ಮೂತ್ರಪಿಂಡಗಳ ಶೋಧನಾ ಶಕ್ತಿಯೂ ಕಡಿಮೆ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಈ ಎರಡೂ ಕೊರತೆಗಳು ಇನ್ನಷ್ಟು ಹೆಚ್ಚು. ಪರಿಣಾಮವಾಗಿ, ವಯಸ್ಕರ ದೇಹದಿಂದ ಬೇಗ ಹೊರಹೋಗುವ ದ್ರವ್ಯ ಶಿಶುವಿನ ರಕ್ತದಲ್ಲಿ ಉಳಿದು, ಮುಂದಿನ ಡೋಸಿನೊಂದಿಗೆ ಕೂಡಿ ಸಂಗ್ರಹವಾಗುತ್ತಾ ಹೋಗುತ್ತದೆ. ಜಮಾ ನಡೆಯುತ್ತಲೇ ಇದ್ದು ಖರ್ಚು ಬೀಳದ ಖಾತೆಯಂತೆ ಅದರ ಬಾಕಿ ಏರುತ್ತದೆ.

ಇಂತಹ ಶಿಶುವಿಗೆ ಔಷಧಗಳ ಸಂಖ್ಯೆಯೂ ಕಡಿಮೆ ಇರುವುದಿಲ್ಲ. ತೀವ್ರ ನಿಗಾ ಘಟಕದಲ್ಲಿರುವ ಒಂದು ಕಿಲೋ ತೂಕದ ಶಿಶುವಿಗೆ ಪ್ರತಿಜೀವಕ, ಉಸಿರಾಟಕ್ಕೆ ಪ್ರಚೋದಕ, ಫಿಟ್ಸ್ ನಿವಾರಕ, ವಿಟಮಿನ್ ಹನಿಗಳು, ಕಬ್ಬಿಣಾಂಶ ಇತ್ಯಾದಿಗಳನ್ನು ಏಕಕಾಲದಲ್ಲಿ ಕೊಡಬೇಕಾಗಬಹುದು. ಇವುಗಳಲ್ಲಿ ಹಲವು ವಯಸ್ಕರಿಗಾಗಿ ಅಥವಾ ದೊಡ್ಡ ಮಕ್ಕಳಿಗಾಗಿ ರೂಪಿಸಿದ ತಯಾರಿಕೆಗಳು.

1982ರ ಪಾಠ

ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಅಳವಡಿಸಿದ ಕೊಳವೆ ಕಟ್ಟಿಕೊಳ್ಳದಂತೆ ಆಗಾಗ ಸ್ವಲ್ಪ ಸಲೈನ್ ಹಾಯಿಸಿ ತೊಳೆಯುವುದು ವಾಡಿಕೆ. ಒಂದೇ ಶೀಷೆಯಿಂದ ಹಲವು ಬಾರಿ ಸೂಜಿಯಲ್ಲಿ ಎಳೆದುಕೊಳ್ಳುವುದರಿಂದ ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯದಿರಲೆಂದು ತಯಾರಕರು ಶೇ. 0.9 ಪ್ರಮಾಣದ ಬೆಂಜೈಲ್ ಆಲ್ಕೊಹಾಲ್ ಸೇರಿಸುತ್ತಾರೆ. ಉದ್ದೇಶ ಒಳ್ಳೆಯದೇ. ವಯಸ್ಕರ ದೇಹ ಈ ದ್ರವ್ಯವನ್ನು ಬೆಂಜೋಯಿಕ್ ಆಮ್ಲವಾಗಿ ಪರಿವರ್ತಿಸಿ, ನಂತರ ಯಕೃತ್ತಿನಲ್ಲಿ ಗ್ಲೈಸಿನ್ ಜೊತೆ ಸೇರಿಸಿ, ಮೂತ್ರದ ಮೂಲಕ ಹೊರಹಾಕುತ್ತದೆ. ಅವಧಿಪೂರ್ವ ಶಿಶುವಿನಲ್ಲಿ ಈ ಎರಡನೆಯ ಹಂತ ಸರಿಯಾಗಿ ನಡೆಯುವುದಿಲ್ಲ, ಆಮ್ಲ ರಕ್ತದಲ್ಲಿಯೇ ಉಳಿಯುತ್ತದೆ.

ಅಮೆರಿಕದ ಎರಡು ವೈದ್ಯಕೀಯ ಕೇಂದ್ರಗಳಲ್ಲಿ ಹೀಗೆ 16 ನವಜಾತ ಶಿಶುಗಳು ಮೃತಪಟ್ಟಿದ್ದು 1982ರಲ್ಲಿ ಬೆಳಕಿಗೆ ಬಂದಿತು. ರಕ್ತದಲ್ಲಿ ಆಮ್ಲತೆ ಏರಿ, ಶಿಶುಗಳು ಉಸಿರಿಗಾಗಿ ಏದುಸಿರು ಬಿಡುತ್ತಿದ್ದುದರಿಂದ ಈ ಸ್ಥಿತಿಗೆ ‘ಗ್ಯಾಸ್ಪಿಂಗ್ ಸಿಂಡ್ರೋಮ್’ ಎಂದು ಹೆಸರಾಯಿತು. ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್.ಡಿ.ಎ., ಬೆಂಜೈಲ್ ಆಲ್ಕೊಹಾಲ್ ಇರುವ ಸಲೈನ್ ಮತ್ತು ದ್ರಾವಕಗಳನ್ನು ನವಜಾತ ಶಿಶುಗಳಿಗೆ ಬಳಸಬಾರದೆಂದು ಆಸ್ಪತ್ರೆಗಳಿಗೆ ತಿಳಿಸಿತು.

ಇಲ್ಲಿಯ ಲೆಕ್ಕ ಸರಳವಾದುದು. ಶೇ. 0.9 ಎಂದರೆ ಪ್ರತಿ ಮಿಲಿಲೀಟರಿಗೆ 9 ಮಿಲಿಗ್ರಾಂ. ಪೀಡಿತ ಶಿಶುಗಳಿಗೆ ದಿನವೊಂದಕ್ಕೆ ಪ್ರತಿ ಕಿಲೋ ತೂಕಕ್ಕೆ 99ರಿಂದ 234 ಮಿಲಿಗ್ರಾಂ ಬೆಂಜೈಲ್ ಆಲ್ಕೊಹಾಲ್ ಸಂದಿತ್ತೆಂದು ವರದಿಯಾಯಿತು. ಒಂದು ಕಿಲೋ ತೂಕದ ಶಿಶುವಿನ ಕೊಳವೆಯನ್ನು ಬಾರಿಗೆ ಒಂದು ಮಿಲಿಲೀಟರಿನಂತೆ ದಿನಕ್ಕೆ ಹನ್ನೊಂದು ಬಾರಿ ತೊಳೆದರೆ 99 ಮಿಲಿಗ್ರಾಂ ಪೂರ್ಣವಾಗುತ್ತದೆ. ಅದೇ 11 ಮಿಲಿಲೀಟರ್ ಅರವತ್ತು ಕಿಲೋ ತೂಕದ ವಯಸ್ಕರಿಗೆ ಹೋದರೆ ಪ್ರತಿ ಕಿಲೋಗೆ ಬೀಳುವುದು ಎರಡು ಮಿಲಿಗ್ರಾಂಗಿಂತಲೂ ಕಡಿಮೆ. ಶೀಷೆ ಒಂದೇ, ಲೇಬಲ್ ಒಂದೇ, ಗುಣಮಟ್ಟದ ಪ್ರಮಾಣಪತ್ರವೂ ಒಂದೇ. ವ್ಯತ್ಯಾಸ ಇರುವುದು ಭಾಗಿಸುವ ಸಂಖ್ಯೆಯಲ್ಲಿ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ಶಿಶುಗಳಿಗೆ ಕೊಟ್ಟ ಪ್ರತಿಯೊಂದು ಬಾರಿಯ ಸಲೈನ್ ಅತ್ಯಲ್ಪ. ಯಾರೂ ಅದನ್ನು ಔಷಧವೆಂದು ಎಣಿಸಿರಲಿಲ್ಲ. ಪ್ರತಿಯೊಂದು ಓಚರೂ ಕ್ರಮಬದ್ಧವಾಗಿದ್ದು, ಕೊನೆಗೆ ಮೊತ್ತ ಹಾಕುವವರು ಮಾತ್ರ ಇಲ್ಲದಿದ್ದರೆ ಆಗುವ ಅನಾಹುತ ಇದೇ ಬಗೆಯದು.

ವಿಟಮಿನ್ ಚುಚ್ಚುಮದ್ದು ತಂದ ಶಿಕ್ಷೆ

ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ದೇಶದಲ್ಲಿ ಮತ್ತೊಂದು ಪ್ರಕರಣ ನಡೆಯಿತು. ವಿಟಮಿನ್ ಇ ಎಣ್ಣೆಯಲ್ಲಿ ಕರಗುವ ದ್ರವ್ಯ. ಅದನ್ನು ರಕ್ತನಾಳಕ್ಕೆ ಕೊಡಬೇಕಾದರೆ ನೀರಿನೊಂದಿಗೆ ಬೆರೆಯುವಂತೆ ಮಾಡುವ ಪಾಲಿಸಾರ್ಬೇಟ್ ಎಂಬ ಸಹಾಯಕ ದ್ರವ್ಯ ಬೇಕು. ‘ಇ-ಫೆರಾಲ್’ ಎಂಬ ಹೆಸರಿನಲ್ಲಿ ಇಂತಹ ಚುಚ್ಚುಮದ್ದು 1983ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಿತು. ಅವಧಿಪೂರ್ವ ಶಿಶುಗಳ ಕಣ್ಣಿನ ತೊಂದರೆ ತಡೆಗೆ ವಿಟಮಿನ್ ಇ ಉಪಯುಕ್ತವೆಂಬ ನಿರೀಕ್ಷೆ ಆಗ ವೈದ್ಯರಲ್ಲಿತ್ತು. ಈ ಉತ್ಪನ್ನಕ್ಕೆ ಎಫ್.ಡಿ.ಎ. ಅನುಮೋದನೆ ಇರಲಿಲ್ಲ. ಚುಚ್ಚುಮದ್ದು ಪಡೆದ ಶಿಶುಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬುವುದು, ಯಕೃತ್ತು ಮತ್ತು ಮೂತ್ರಪಿಂಡಗಳ ವೈಫಲ್ಯ, ರಕ್ತದ ಪ್ಲೇಟ್‌ಲೆಟ್‌ಗಳ ಇಳಿಕೆ ಕಂಡುಬಂದವು. 1984ರ ಏಪ್ರಿಲ್‌ನಲ್ಲಿ ಉತ್ಪನ್ನವನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ 38 ಶಿಶುಗಳ ಸಾವು ಇದರೊಂದಿಗೆ ತಳಕು ಹಾಕಿಕೊಂಡಿತ್ತು. ಅದರಲ್ಲಿದ್ದ ಪಾಲಿಸಾರ್ಬೇಟ್‌ನ ಪ್ರಮಾಣದ ಮೇಲೆಯೇ ಪ್ರಮುಖ ಸಂಶಯ ಬಿದ್ದಿತು.

ವ್ಯಾಪಾರಿ ವರ್ಗ ನೆನಪಿನಲ್ಲಿಡಬೇಕಾದ್ದು ನಂತರದ ಬೆಳವಣಿಗೆ. ಮೊಕದ್ದಮೆ ಕೇವಲ ಕಂಪನಿಗಳ ಮೇಲೆ ನಿಲ್ಲದೆ, ವಿತರಣಾ ಸಂಸ್ಥೆಯ ಹಿರಿಯ ಅಧಿಕಾರಿಗಳ ಮೇಲೂ ವೈಯಕ್ತಿಕವಾಗಿ ಹೂಡಲ್ಪಟ್ಟಿತು. ಅವರು ಅಪರಾಧಿಗಳೆಂದು ತೀರ್ಮಾನವಾಗಿ, 1990ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ‘ನಾವು ತಯಾರಿಸಿದ್ದಲ್ಲ, ಮಾರಿದ್ದಷ್ಟೇ’ ಎಂಬ ವಾದ ಅವರನ್ನು ಉಳಿಸಲಿಲ್ಲ.

ದ್ರಾವಕಗಳ ಸಮಸ್ಯೆ

ನೀರಿನಲ್ಲಿ ಕರಗದ ಔಷಧಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಎಥನಾಲ್ ಸಾಮಾನ್ಯ ದ್ರಾವಕಗಳು. ಇವೆರಡನ್ನೂ ದೇಹ ಒಂದೇ ಕಿಣ್ವದ ಸಹಾಯದಿಂದ ಒಡೆಯುತ್ತದೆ. ಆದ್ದರಿಂದ ಎರಡೂ ಒಟ್ಟಿಗಿದ್ದರೆ ಒಂದು ಇನ್ನೊಂದರ ದಾರಿಗೆ ಅಡ್ಡ ನಿಲ್ಲುತ್ತದೆ. ಎಚ್.ಐ.ವಿ. ಚಿಕಿತ್ಸೆಗೆ ಬಳಸುವ ‘ಕಲೆಟ್ರಾ’ ಎಂಬ ದ್ರವ ಔಷಧದಲ್ಲಿ ಶೇ. 42.4 ಎಥನಾಲ್ ಮತ್ತು ಶೇ. 15.3 ಪ್ರೊಪಿಲೀನ್ ಗ್ಲೈಕಾಲ್ ಇತ್ತು. ಅವಧಿಪೂರ್ವ ಶಿಶುಗಳಲ್ಲಿ ಹೃದಯ, ಮೂತ್ರಪಿಂಡ ಮತ್ತು ಉಸಿರಾಟದ ಗಂಭೀರ ತೊಂದರೆಗಳು ವರದಿಯಾದ ಮೇಲೆ 2011ರ ಮಾರ್ಚ್‌ನಲ್ಲಿ ಎಫ್.ಡಿ.ಎ. ಎಚ್ಚರಿಕೆ ಹೊರಡಿಸಿತು. ದಿನ ತುಂಬಿ ಹುಟ್ಟಿದ ಶಿಶುವಿಗೆ ಹದಿನಾಲ್ಕು ದಿನ ಆಗುವವರೆಗೆ, ಅವಧಿಪೂರ್ವ ಶಿಶುವಿಗಾದರೆ ಹೆರಿಗೆಗೆ ನಿರೀಕ್ಷಿಸಿದ್ದ ದಿನಾಂಕ ಕಳೆದು ಹದಿನಾಲ್ಕು ದಿನ ಆಗುವವರೆಗೆ ಅದನ್ನು ಕೊಡುವುದನ್ನು ತಪ್ಪಿಸಬೇಕೆಂಬುದು ಅದರ ಸಾರ.

ಯುರೋಪಿನ ಔಷಧ ಸಂಸ್ಥೆ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಪ್ರೊಪಿಲೀನ್ ಗ್ಲೈಕಾಲ್‌ಗೆ ವಯಸ್ಸಿನ ಪ್ರಕಾರ ಮಿತಿಗಳನ್ನು ಗೊತ್ತುಪಡಿಸಿದೆ. ದಿನವೊಂದಕ್ಕೆ ಪ್ರತಿ ಕಿಲೋ ತೂಕಕ್ಕೆ ಐದು ವರ್ಷ ಮೇಲ್ಪಟ್ಟವರಿಗೆ 500 ಮಿಲಿಗ್ರಾಂ, ಒಂದು ತಿಂಗಳಿಂದ ನಾಲ್ಕು ವರ್ಷದವರೆಗೆ 50 ಮಿಲಿಗ್ರಾಂ, 28 ದಿನದೊಳಗಿನ ಶಿಶುವಿಗೆ ಕೇವಲ 1 ಮಿಲಿಗ್ರಾಂ. ಐನೂರಕ್ಕೆ ಒಂದು! ಈ ಗೆರೆ ದಾಟಿದೊಡನೆ ವಿಷವೆಂದು ಇದರ ಅರ್ಥವಲ್ಲ. ಇದಕ್ಕಿಂತ ಹೆಚ್ಚು ಕೊಡುವುದಾದರೆ ವೈದ್ಯರ ವಿಶೇಷ ಪರಿಶೀಲನೆ ಬೇಕೆಂಬುದು ಆಶಯ.

ಮೊತ್ತ ಹಾಕುವವರು ಯಾರು?

ಇಂಗ್ಲೆಂಡಿನ ಲೀಸೆಸ್ಟರ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ 38 ಅವಧಿಪೂರ್ವ ಶಿಶುಗಳ ಔಷಧ ಚೀಟಿಗಳನ್ನು ಪರಿಶೀಲಿಸಿತು. ಆ ಶಿಶುಗಳಿಗೆ ಎಥನಾಲ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್ ಮುಂತಾಗಿ ಇಪ್ಪತ್ತರಷ್ಟು ಬಗೆಯ ಸಹಾಯಕ ದ್ರವ್ಯಗಳು ಸೇರುತ್ತಿದ್ದುದು ಕಂಡುಬಂದಿತು. 2015ರಲ್ಲಿ ಪ್ರಕಟವಾದ ಇನ್ನೂ ವಿಸ್ತಾರವಾದ ಸಮೀಕ್ಷೆ ಯುರೋಪಿನ 21 ದೇಶಗಳ 726 ನವಜಾತ ಶಿಶುಗಳನ್ನು ಒಳಗೊಂಡಿತ್ತು. ಶಂಕಾಸ್ಪದವೆಂದು ಗುರುತಿಸಲಾದ ಎಂಟು ದ್ರವ್ಯಗಳಲ್ಲಿ ಒಂದಾದರೂ ಶೇ. 63ರಷ್ಟು ಶಿಶುಗಳಿಗೆ ಸೇರುತ್ತಿತ್ತು. ಕೆಲವು ಔಷಧಗಳಿಗೆ ಅಂತಹ ದ್ರವ್ಯವಿಲ್ಲದ ಬದಲಿ ತಯಾರಿಕೆ ಮಾರುಕಟ್ಟೆಯಲ್ಲಿಯೇ ಲಭ್ಯವಿತ್ತೆಂಬುದು ಇಂತಹ ಅಧ್ಯಯನಗಳಿಂದ ಹೊರಬಿದ್ದ ಮುಖ್ಯ ಸಂಗತಿ.

ಇಲ್ಲಿಯೇ ಸಮಸ್ಯೆಯ ತಿರುಳಿದೆ. ತಯಾರಕರಿಗೆ ತಮ್ಮ ಶೀಷೆಯಲ್ಲಿ ಏನಿದೆ ಎಂಬುದು ಗೊತ್ತು, ಶಿಶುವಿಗೆ ಬೇರೆ ಯಾವ ಔಷಧ ಹೋಗುತ್ತಿದೆ ಎಂಬುದು ಗೊತ್ತಿಲ್ಲ. ವೈದ್ಯರಿಗೆ ಕೊಡುತ್ತಿರುವ ಔಷಧಗಳೆಲ್ಲ ಗೊತ್ತು, ಪ್ರತಿಯೊಂದರಲ್ಲಿ ಬೆರೆತಿರುವ ದ್ರಾವಕದ ಪ್ರಮಾಣ ಗೊತ್ತಿಲ್ಲ. ಖರೀದಿ ವಿಭಾಗಕ್ಕೆ ದರ ಗೊತ್ತು, ಉಳಿದೆರಡೂ ಗೊತ್ತಿಲ್ಲ. ಈ ಮೂವರ ನಡುವೆ ಪ್ರಮಾಣದ ಅಂಕಿ ಹರಿದುಬಂದಾಗ ಮಾತ್ರ ಒಟ್ಟು ಮೊತ್ತ ಹಾಕಲು ಸಾಧ್ಯ.

ಕಲಬೆರಕೆ ಬೇರೆ, ಅನುಚಿತ ಬಳಕೆ ಬೇರೆ

ಈ ಎರಡು ವಿಷಯಗಳನ್ನು ಬೆರೆಸದಿರುವುದು ಒಳಿತು. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಭಾರತದಿಂದ ರಫ್ತಾದ ಸಿರಪ್‌ಗಳ ನಂಟು ಕಂಡುಬಂದಾಗ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಸೇವಿಸಿ 20ಕ್ಕೂ ಹೆಚ್ಚು ಮಕ್ಕಳು ಮೃತಪಟ್ಟಾಗ, ಸಂಶಯ ಬಿದ್ದುದು 1937ರ ಅದೇ ಡೈಎಥಿಲೀನ್ ಗ್ಲೈಕಾಲ್ ಮೇಲೆ. ಛಿಂದ್ವಾಡದ ಸಿರಪ್‌ನಲ್ಲಿ ಶೇ. 0.1 ಮೀರಬಾರದಾಗಿದ್ದ ಈ ವಿಷ ಶೇ. 48.6ರಷ್ಟಿದ್ದುದು ಪರೀಕ್ಷೆಯಲ್ಲಿ ಹೊರಬಿದ್ದಿತು. ಅಲ್ಲಿ ಬಲಿಯಾದವರು ನವಜಾತ ಶಿಶುಗಳಲ್ಲ, ಅವರಿಗಿಂತ ದೊಡ್ಡ ಮಕ್ಕಳು. ಅದು ಯಾವ ವಯಸ್ಸಿನವರಿಗೂ ಇರಬಾರದ ವಿಷ. ಪ್ರತಿ ಬ್ಯಾಚ್ ದ್ರಾವಕವನ್ನು ಪರೀಕ್ಷಿಸುವುದೇ ಅದಕ್ಕೆ ಪರಿಹಾರ. 2023ರ ಜೂನ್ 1ರಿಂದ ಕೆಮ್ಮಿನ ಸಿರಪ್ ರಫ್ತಿಗೆ ಮೊದಲು ಸರ್ಕಾರಿ ಪ್ರಯೋಗಾಲಯದ ಪರೀಕ್ಷೆಯನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದ್ದು ಈ ದಿಸೆಯಲ್ಲಿಯೇ.

ಬೆಂಜೈಲ್ ಆಲ್ಕೊಹಾಲ್ ಅಥವಾ ಶುದ್ಧ ಪ್ರೊಪಿಲೀನ್ ಗ್ಲೈಕಾಲ್‌ನ ಸಂಗತಿ ಹಾಗಲ್ಲ. ಔಷಧಕೋಶದ ಎಲ್ಲ ಪರೀಕ್ಷೆಗಳಲ್ಲಿ ಉತ್ತೀರ್ಣವಾದ, ಅಪ್ಪಟ ಗುಣಮಟ್ಟದ ದ್ರವ್ಯವೂ ತಪ್ಪು ವಯಸ್ಸಿನ ರೋಗಿಗೆ ಅಪಾಯಕಾರಿ. ಪ್ರಯೋಗಾಲಯದ ಪ್ರಮಾಣಪತ್ರ ಇಲ್ಲಿ ರಕ್ಷಣೆ ಕೊಡದು. ಬೇಕಾದ್ದು ಸರಿಯಾದ ಆಯ್ಕೆ ಮತ್ತು ಸ್ಪಷ್ಟ ಮಾಹಿತಿ.

ಬೆಲೆಯ ಪ್ರಶ್ನೆ

ಸಂರಕ್ಷಕ ರಹಿತ ತಯಾರಿಕೆಗೆ ಹೆಚ್ಚಿನ ವೆಚ್ಚವಿದೆಯೆಂಬುದನ್ನು ಅಲ್ಲಗಳೆಯಲಾಗದು. ಹಲವು ಬಾರಿ ಬಳಸುವ ವಯಲ್‌ಗೆ ಬದಲಾಗಿ ಒಂದು ಬಾರಿಯ ಆಂಪೂಲ್ ತುಂಬುವಾಗ ಗಾಜು, ಪ್ಯಾಕಿಂಗ್, ಕ್ರಿಮಿಶುದ್ಧೀಕರಣ ಎಲ್ಲವೂ ಪ್ರತಿ ಮಿಲಿಲೀಟರಿಗೆ ದುಬಾರಿಯಾಗುತ್ತವೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಅನುಸೂಚಿತ ಔಷಧಗಳ ಗರಿಷ್ಠ ಬೆಲೆ ಸಾಮಾನ್ಯವಾಗಿ ಮೂಲ ಔಷಧದ ಹೆಸರು, ಪ್ರಮಾಣ ಮತ್ತು ರೂಪವನ್ನು ಆಧರಿಸಿ ನಿಗದಿಯಾಗುತ್ತದೆ. ಸಹಾಯಕ ದ್ರವ್ಯದ ಉತ್ತಮ ಆಯ್ಕೆಗೆ ಪ್ರತ್ಯೇಕ ಪ್ರತಿಫಲ ಸಿಗುವುದು ವಿರಳ. ಕನಿಷ್ಠ ದರದ ಟೆಂಡರ್‌ನಲ್ಲಿಯೂ ಇದೇ ಸ್ಥಿತಿ. ಟೆಂಡರ್‌ನ ತಾಂತ್ರಿಕ ವಿವರದಲ್ಲಿ ‘ಸಂರಕ್ಷಕ ರಹಿತ’ ಎಂಬ ಎರಡು ಪದಗಳಿಲ್ಲದಿದ್ದರೆ ಅಗ್ಗದ ತಯಾರಿಕೆಯೇ ಗೆಲ್ಲುತ್ತದೆ. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳ ವಿಶೇಷ ನವಜಾತ ಶಿಶು ಆರೈಕೆ ಘಟಕಗಳಿಗೂ ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸಂರಕ್ಷಕವಿಲ್ಲದ ಶೀಷೆಯನ್ನು ಒಮ್ಮೆ ತೆರೆದ ಮೇಲೆ ಉಳಿದುದನ್ನು ಚೆಲ್ಲಲೇಬೇಕು. ಉಳಿತಾಯದ ಹೆಸರಿನಲ್ಲಿ ಅದನ್ನು ಮತ್ತೊಂದು ಶಿಶುವಿಗೆ ಬಳಸಿದರೆ ಸೋಂಕಿನ ಅಪಾಯ ಎದುರಾಗುತ್ತದೆ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಬರಮಾಡಿಕೊಂಡಂತಾಗಬಾರದು.

ಹಾಗೆಯೇ, ಸಂರಕ್ಷಕ ಇದೆಯೆಂಬ ಒಂದೇ ಕಾರಣಕ್ಕೆ ಅಗತ್ಯ ಔಷಧವನ್ನು ನಿರಾಕರಿಸುವುದೂ ತಪ್ಪು. ಹುಟ್ಟಿದೊಡನೆ ರಕ್ತಸ್ರಾವ ತಡೆಗೆ ಕೊಡುವ 1 ಮಿಲಿಗ್ರಾಂ ವಿಟಮಿನ್ ಕೆ ಚುಚ್ಚುಮದ್ದನ್ನೇ ನೋಡಬಹುದು. ಅರ್ಧ ಮಿಲಿಲೀಟರಿನ ಅಂತಹ ಡೋಸಿನಲ್ಲಿ ಶೇ. 0.9 ಬೆಂಜೈಲ್ ಆಲ್ಕೊಹಾಲ್ ಇದ್ದರೂ ಅದು 4.5 ಮಿಲಿಗ್ರಾಂ ಮಾತ್ರ. ಮೂರು ಕಿಲೋ ಶಿಶುವಿಗೆ ಪ್ರತಿ ಕಿಲೋಗೆ 1.5 ಮಿಲಿಗ್ರಾಂ, ಅದೂ ಒಂದೇ ಬಾರಿ. ಸಂರಕ್ಷಕ ರಹಿತ ತಯಾರಿಕೆ ಸಿಗುವುದಾದರೆ ಅದಕ್ಕೇ ಆದ್ಯತೆ, ವಿಶೇಷವಾಗಿ ಅವಧಿಪೂರ್ವ ಶಿಶುಗಳಿಗೆ. ಆದರೆ ಭಯದಿಂದ ಚುಚ್ಚುಮದ್ದನ್ನೇ ಬಿಡುವುದು ದೊಡ್ಡ ಅಪಾಯ. ಈ ನಿರ್ಧಾರ ವೈದ್ಯರದ್ದು. ಅವರಿಗೆ ಅಂಕಿ ಒದಗಿಸುವುದು ಉದ್ಯಮದ ಹೊಣೆ.

ಅವಕಾಶವೂ ಇದೆ

ಫಿನೊಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿರುವ ಹಳೆಯ ಔಷಧ, ನವಜಾತ ಶಿಶುಗಳ ಫಿಟ್ಸ್‌ಗೆ ಪ್ರಮುಖ ಚಿಕಿತ್ಸೆ. ಅಮೆರಿಕದಲ್ಲಿ ಬಳಕೆಯಲ್ಲಿದ್ದ ಒಂದು ಚುಚ್ಚುಮದ್ದಿನ ಪ್ರತಿ ಮಿಲಿಲೀಟರಿನಲ್ಲಿ 130 ಮಿಲಿಗ್ರಾಂ ಔಷಧದೊಂದಿಗೆ ಸುಮಾರು 702 ಮಿಲಿಗ್ರಾಂ ಪ್ರೊಪಿಲೀನ್ ಗ್ಲೈಕಾಲ್, ಜೊತೆಗೆ ಎಥನಾಲ್ ಮತ್ತು ಬೆಂಜೈಲ್ ಆಲ್ಕೊಹಾಲ್ ಇದ್ದವು. ಪ್ರತಿ ಕಿಲೋಗೆ 20 ಮಿಲಿಗ್ರಾಂನ ಮೊದಲ ಡೋಸ್ ಕೊಟ್ಟರೆ ಸುಮಾರು 108 ಮಿಲಿಗ್ರಾಂ ಪ್ರೊಪಿಲೀನ್ ಗ್ಲೈಕಾಲ್ ಶಿಶುವಿಗೆ ಸೇರುತ್ತಿತ್ತು. ಮೂಲ ಔಷಧಕ್ಕಿಂತ ಐದು ಪಟ್ಟಿಗೂ ಹೆಚ್ಚು! ಈ ಕೊರತೆಯನ್ನು ಗುರುತಿಸಿ, ಬೆಂಜೈಲ್ ಆಲ್ಕೊಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಎರಡೂ ಇಲ್ಲದ ಪುಡಿ ರೂಪದ ಚುಚ್ಚುಮದ್ದನ್ನು ಅಭಿವೃದ್ಧಿಪಡಿಸಿದ್ದು ಭಾರತದ ಸನ್ ಫಾರ್ಮಾ ಅಡ್ವಾನ್ಸ್ಡ್ ರಿಸರ್ಚ್ ಕಂಪನಿ. 2022ರ ನವೆಂಬರ್‌ನಲ್ಲಿ ಅದಕ್ಕೆ ಎಫ್.ಡಿ.ಎ. ಅನುಮೋದನೆ ದೊರೆಯಿತು. ಹೊಸ ಅಣುವನ್ನು ಕಂಡುಹಿಡಿಯದೆಯೂ, ಹಳೆಯ ಔಷಧದ ಅನುಪಾನವನ್ನು ಬದಲಿಸಿ ಮಾರುಕಟ್ಟೆ ಗಳಿಸಲು ಸಾಧ್ಯವೆಂಬುದಕ್ಕೆ ಇದು ನಿದರ್ಶನ. ತಯಾರಿಕಾ ಕೌಶಲವೇ ಬಂಡವಾಳವಾಗಿರುವ ನಮ್ಮ ಮಧ್ಯಮ ಪ್ರಮಾಣದ ಘಟಕಗಳು ಇದನ್ನು ಗಮನಿಸಬೇಕು.

ಕಾನೂನಿನ ಹೊಣೆ

1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 27(ಎ) ಕಲಮಿನ ಪ್ರಕಾರ, ಕಲಬೆರಕೆ ಅಥವಾ ನಕಲಿ ಔಷಧದಿಂದ ಸಾವು ಇಲ್ಲವೇ ತೀವ್ರ ಹಾನಿ ಸಂಭವಿಸುವಂತಿದ್ದರೆ ಕನಿಷ್ಠ ಹತ್ತು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ, ಹತ್ತು ಲಕ್ಷ ರೂಪಾಯಿ ಅಥವಾ ಜಪ್ತಿಯಾದ ಔಷಧದ ಮೌಲ್ಯದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನದಕ್ಕೆ ಕಡಿಮೆಯಾಗದ ದಂಡ ವಿಧಿಸಬಹುದು. 34ನೇ ಕಲಮಿನಡಿ ಕಂಪನಿಯ ವ್ಯವಹಾರಕ್ಕೆ ಹೊಣೆಯಾದ ವ್ಯಕ್ತಿಗಳೂ ಅಪರಾಧಿಗಳಾಗುತ್ತಾರೆ. 19(3)ನೇ ಕಲಮು ತಯಾರಕರಲ್ಲದ ಮಾರಾಟಗಾರರಿಗೆ ಒಂದು ರಕ್ಷಣೆ ನೀಡುತ್ತದೆ. ಆದರೆ ಪರವಾನಗಿ ಇರುವವರಿಂದಲೇ ಖರೀದಿಸಿದ್ದು, ಯುಕ್ತ ಎಚ್ಚರ ವಹಿಸಿದರೂ ದೋಷ ತಿಳಿಯುವಂತಿರಲಿಲ್ಲವೆಂಬುದು ಮತ್ತು ಔಷಧವನ್ನು ಬಂದ ಸ್ಥಿತಿಯಲ್ಲಿಯೇ ಸರಿಯಾಗಿ ದಾಸ್ತಾನು ಮಾಡಿದ್ದು ರುಜುವಾತಾಗಬೇಕು.

ಕಲಬೆರಕೆಯಲ್ಲದ ಪ್ರಕರಣಗಳಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆ ಅಧ್ಯಾಯ ಅನ್ವಯಿಸಬಹುದು. ವಿನ್ಯಾಸದ ದೋಷ ಮಾತ್ರವಲ್ಲದೆ, ಹಾನಿ ತಡೆಯಲು ಬೇಕಾದಷ್ಟು ಸೂಚನೆ ಮತ್ತು ಎಚ್ಚರಿಕೆ ಕೊಡದಿರುವುದೂ ಅದರಲ್ಲಿ ತಯಾರಕರ ಹೊಣೆಗೆ ಕಾರಣ. ನವಜಾತ ಶಿಶುಗಳ ಘಟಕಕ್ಕೆ ಹೋಗುವ ಶೀಷೆಯ ಮೇಲೆ ಸಂರಕ್ಷಕದ ಹೆಸರು ಮತ್ತು ಪ್ರಮಾಣ ಎದ್ದು ಕಾಣುವಂತಿರುವುದು ಈ ದೃಷ್ಟಿಯಿಂದ ತಯಾರಕರಿಗೇ ರಕ್ಷಾಕವಚ.

ಕೈಗೊಳ್ಳಬಹುದಾದ ಕ್ರಮಗಳು

1. ತಯಾರಕರು ತಮ್ಮ ಉತ್ಪನ್ನಗಳಲ್ಲಿ ನವಜಾತ ಶಿಶುಗಳಿಗೆ ಬಳಕೆಯಾಗುವವು ಯಾವುವೆಂದು ಗುರುತಿಸಿ, ಪ್ರತಿ ಮಿಲಿಲೀಟರಿನಲ್ಲಿರುವ ದ್ರಾವಕ ಮತ್ತು ಸಂರಕ್ಷಕಗಳ ಪ್ರಮಾಣವನ್ನು ಮಾಹಿತಿ ಪತ್ರದಲ್ಲಿ ಮಿಲಿಗ್ರಾಂನಲ್ಲಿ ನಮೂದಿಸಬೇಕು.

2. ಸಹಾಯಕ ದ್ರವ್ಯದ ಪೂರೈಕೆದಾರರನ್ನು ಬದಲಿಸುವ ಅಥವಾ ಸೂತ್ರದಲ್ಲಿ ಮಾರ್ಪಾಡು ಮಾಡುವ ನಿರ್ಧಾರ ಖರೀದಿ ವಿಭಾಗದ ಒಂದೇ ಸಹಿಯಿಂದ ಆಗಬಾರದು. ಗುಣಮಟ್ಟ ವಿಭಾಗದ ಲಿಖಿತ ಒಪ್ಪಿಗೆ ಇರಬೇಕು.

3. ವಿತರಕರು ಮತ್ತು ಅಂಗಡಿಗಳು ಒಂದು ಬ್ರ್ಯಾಂಡ್‌ಗೆ ಬದಲಾಗಿ ಇನ್ನೊಂದನ್ನು ನವಜಾತ ಶಿಶುಗಳ ಘಟಕಕ್ಕೆ ಕಳುಹಿಸುವಾಗ ಮೂಲ ಔಷಧ ಒಂದೇ ಎಂಬ ಕಾರಣಕ್ಕೆ ತೃಪ್ತರಾಗದೆ, ಉಳಿದ ಘಟಕಗಳ ವ್ಯತ್ಯಾಸವನ್ನು ಆಸ್ಪತ್ರೆಗೆ ತಿಳಿಸಬೇಕು.

4. ಆಸ್ಪತ್ರೆಗಳು ಕೊಳವೆ ತೊಳೆಯುವ ಸಲೈನ್ ಮತ್ತು ಔಷಧ ಕರಗಿಸುವ ನೀರನ್ನು ಖರೀದಿ ಆದೇಶದಲ್ಲಿ ‘ಸಂರಕ್ಷಕ ರಹಿತ, ಒಂದು ಬಾರಿಯ ಬಳಕೆ’ ಎಂದು ಸ್ಪಷ್ಟಪಡಿಸಿ, ನವಜಾತ ಶಿಶುಗಳ ಘಟಕದ ದಾಸ್ತಾನನ್ನು ಇತರ ವಾರ್ಡುಗಳ ದಾಸ್ತಾನಿನಿಂದ ಪ್ರತ್ಯೇಕಿಸಬೇಕು.

5. ಆಸ್ಪತ್ರೆಯ ಔಷಧ ವಿಭಾಗ ಪ್ರತಿ ಶಿಶುವಿಗೆ ದಿನವೊಂದಕ್ಕೆ ಎಲ್ಲ ಔಷಧಗಳಿಂದ ಸೇರುವ ಸಹಾಯಕ ದ್ರವ್ಯಗಳ ಮೊತ್ತವನ್ನು ತೂಕದಿಂದ ಭಾಗಿಸಿ ವೈದ್ಯರ ಮುಂದಿಡುವ ಪದ್ಧತಿಯನ್ನು ರೂಢಿಸಬೇಕು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಾಗಿಲ್ಲ. ಬೇಕಾದ್ದು ‘ಅಗತ್ಯವಿದ್ದಷ್ಟು’ ಎಂಬ ಪದದ ಜಾಗದಲ್ಲಿ ಒಂದು ನಿಖರ ಅಂಕಿ, ಮತ್ತು ಆ ಅಂಕಿ ಕಾರ್ಖಾನೆಯಿಂದ ತೊಟ್ಟಿಲಿನವರೆಗೆ ಕಳೆದುಹೋಗದೆ ತಲುಪುವ ವ್ಯವಸ್ಥೆ. 1982ರಲ್ಲಿ ಆ ಹದಿನಾರು ಶಿಶುಗಳ ಪಾಲಿಗೆ ಇಲ್ಲದೆ ಹೋದದ್ದು ಅದೊಂದೇ.